ಹಳೆಯ ಸೈನ್ಸ್ ಫಿಕ್ಷನ್ ಕಾದಂಬರಿಯನ್ನು ಜೊತೆಗೂಡಿ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

'ಎಲ್ಲರೂ ಸೇರಿ ಒಂದು ಪುಸ್ತಕ ಓದೋಣ' ಅಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ. ಉದಾಹರಣೆಗೆ ಮೇರಿ ಶೆಲ್ಲಿಯವರ 'ಫ್ರಾಂಕನ್‌ಸ್ಟೈನ್' ಮತ್ತು ಎಚ್. ಜಿ. ವೆಲ್ಸ್ ಅವರ ಎರಡು ಕಾದಂಬರಿಗಳು ಜಾಸ್ತಿ ಬಂದಿವೆ. ಯಾವುದರ ಕೊನೆಯನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ, ಹೆದರಬೇಡಿ.

## ಶುರು ಮಾಡುವ ಮುನ್ನ

ಒಬ್ಬರೇ ಓದಿದ್ರೆ ಆಗಲ್ವಾ? ಜೊತೆಗೆ ಯಾಕೆ?

ಆಗುತ್ತದೆ. ಹೆಚ್ಚಿನ ಪುಸ್ತಕಗಳನ್ನು ನಾವೆಲ್ಲ ಹಾಗೇ ಓದುತ್ತೇವೆ. ಆದರೆ ಸೈನ್ಸ್ ಫಿಕ್ಷನ್ ಕಾದಂಬರಿ 'ಹೀಗಾದರೆ ಏನಾಗಬಹುದು?' ಅಂತ ಒಂದು ಪ್ರಶ್ನೆ ಎತ್ತುತ್ತದೆ. ಲೇಖಕರು ಅದಕ್ಕೆ ತಮ್ಮದೊಂದು ಉತ್ತರ ಕೊಡುತ್ತಾರೆ. ಆ ಉತ್ತರಕ್ಕೆ ತಕರಾರು ತೆಗೆಯಲು ಜನ ಬೇಕು. ಒಬ್ಬರೇ ಓದುವಾಗ ಹೂಂಗುಟ್ಟಿಕೊಂಡು ಪುಟ ತಿರುವಿಬಿಡುತ್ತೇವೆ. ಗುಂಪಿನಲ್ಲಾದರೆ ಯಾರಾದರೂ ಒಬ್ಬರು 'ತಡೀರಿ, ಇದು ಹೇಗೆ ಆಗುತ್ತೆ?' ಅನ್ನದೆ ಇರುವುದಿಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. ಗುಂಪಿನಲ್ಲಿ ಓದಿದರೆ ನಡುವೆ ನಿಲ್ಲಬೇಕಾಗುತ್ತದೆ. ಕಥೆ ಬಿಸಿಯಾಗಿರುವಾಗಲೇ ಎಲ್ಲರೂ ಒಂದೇ ಪುಟದಲ್ಲಿ ಪುಸ್ತಕ ಮುಚ್ಚಿ, ಮುಂದೇನು ಅಂತ ಊಹಿಸಿ, ಜಗಳವಾಡಿ, ಒಂದು ವಾರ ಕಾಯುತ್ತಾರೆ. ಆ ಒಂದು ವಾರ ಪುಸ್ತಕ ನಮ್ಮ ತಲೆಯಲ್ಲಿ ತಾನೇ ಓಡುತ್ತಿರುತ್ತದೆ. ಈ ಪುಟದಲ್ಲಿ ಕೊಟ್ಟಿರುವ ಸಲಹೆಗಳೆಲ್ಲ ಈ ನಿಲ್ಲುವಿಕೆಯನ್ನು ಕಾಪಾಡಿಕೊಳ್ಳಲಿಕ್ಕೇ ಇವೆ.

ನನಗೆ ವಿಜ್ಞಾನ ಅಷ್ಟಾಗಿ ಬರಲ್ಲ. ಸೇರಿಕೊಳ್ಳಬಹುದಾ?

ಧಾರಾಳವಾಗಿ. 'ಫ್ರಾಂಕನ್‌ಸ್ಟೈನ್' ಬರೆಯಲು ಶುರುಮಾಡಿದಾಗ ಮೇರಿ ಶೆಲ್ಲಿಯವರಿಗೆ 18 ವರ್ಷ. ಅವರು ವಿಜ್ಞಾನ ಕಲಿತವರಲ್ಲ, ತಮ್ಮ ಕಾಲದ ಪ್ರಯೋಗಗಳ ಬಗ್ಗೆ ಓದುತ್ತಿದ್ದವರು, ಕೇಳುತ್ತಿದ್ದವರು. ನಿರ್ಜೀವ ದೇಹಕ್ಕೆ ಜೀವ ಬರಿಸುವುದು ಹೇಗೆ ಅನ್ನುವುದನ್ನು ಆ ಕಾದಂಬರಿ ಒಂದೆರಡು ವಾಕ್ಯದಲ್ಲಿ ದಾಟಿಬಿಡುತ್ತದೆ. ಜೀವ ಬಂದ ಮೇಲೆ ಅದರ ಹೊಣೆ ಯಾರದ್ದು ಅನ್ನುವುದಕ್ಕೆ ಉಳಿದ ಪುಸ್ತಕವೆಲ್ಲ ಬೇಕಾಗುತ್ತದೆ. ಅಂಥ ಮಾತುಕತೆಗೆ ಭೌತಶಾಸ್ತ್ರ ಗೊತ್ತಿರಬೇಕಾಗಿಲ್ಲ.

ಮೊದಲ ಸಲಕ್ಕೆ ಯಾವ ಪುಸ್ತಕ ಆರಿಸೋದು?

ಚಿಕ್ಕದನ್ನು. ವೆಲ್ಸ್ ಅವರ 'ದಿ ಟೈಮ್ ಮೆಷಿನ್' (1895) ಸುಮಾರು 32,000 ಪದಗಳ ಪುಸ್ತಕ. ರಜೆಯ ಒಂದು ದಿನದಲ್ಲಿ ಮುಗಿಸಬಹುದು, ಮೂರು ವಾರ ಎಳೆಯಲೂಬಹುದು. ಹೊಸ ಗುಂಪಿಗೆ ಒಂದು ಪುಸ್ತಕವನ್ನು ಪೂರ್ತಿ ಮುಗಿಸಿದ ಅನುಭವ ಬೇಗ ಸಿಗಬೇಕು. ಅದಾದ ಮೇಲೆ ದೊಡ್ಡದಕ್ಕೆ ಕೈ ಹಾಕಿ.

ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' (1965) ಓದೋಣ ಅಂತ ಯಾರಾದರೂ ಮೊದಲ ದಿನವೇ ಹಟ ಹಿಡಿಯುತ್ತಾರೆ. ಒಳ್ಳೆಯ ಪುಸ್ತಕವೇ. ಆದರೆ ಅದು ದಪ್ಪ. ಹೊಸ ಹೆಸರುಗಳು, ಪಂಗಡಗಳು, ಧರ್ಮಗಳು ಮೊದಲ ಪುಟದಿಂದಲೇ ಬರುತ್ತವೆ. ಒಬ್ಬರನ್ನೊಬ್ಬರು ಇನ್ನೂ ಅರಿಯದ ಗುಂಪು ಅಲ್ಲಿ ಚದುರಿಹೋಗುತ್ತದೆ. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಎಷ್ಟು ಜನ ಇದ್ರೆ ಸರಿ?

ಐದರಿಂದ ಎಂಟು. ಮೂರೇ ಜನ ಇದ್ದರೆ ಒಬ್ಬರು ತಪ್ಪಿಸಿಕೊಂಡ ದಿನ ಮಾತು ನಿಲ್ಲುತ್ತದೆ. ಹದಿನೈದಾದರೆ ಅರ್ಧ ಜನ ಸುಮ್ನೆ ಕೇಳಿಕೊಂಡು ಕೂರುತ್ತಾರೆ.

ಎಲ್ಲರ ಹತ್ತಿರ ಒಂದೇ ಆವೃತ್ತಿ ಇರಲೇಬೇಕಾ?

ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಯಾರ ಕೈಯಲ್ಲಿ ಯಾವುದಿದೆ ಅನ್ನುವುದಾದರೂ ಮೊದಲೇ ಗೊತ್ತಿರಲಿ. ಇದನ್ನು ಹಗುರವಾಗಿ ತೆಗೆದುಕೊಂಡವರು ಎರಡನೆಯ ವಾರಕ್ಕೇ ಒದ್ದಾಡುತ್ತಾರೆ.

'ಫ್ರಾಂಕನ್‌ಸ್ಟೈನ್' ಅನ್ನೇ ನೋಡಿ. ಅದು 1818ರಲ್ಲಿ ಮೂರು ಸಂಪುಟಗಳಲ್ಲಿ, ಲೇಖಕರ ಹೆಸರಿಲ್ಲದೆ ಬಂತು. ಮೇರಿ ಶೆಲ್ಲಿ ಅದನ್ನು ತಿದ್ದಿ 1831ರಲ್ಲಿ ಒಂದೇ ಸಂಪುಟವಾಗಿ ತಂದರು. ಇವತ್ತು ಎರಡೂ ಪಠ್ಯಗಳು ಮಾರುಕಟ್ಟೆಯಲ್ಲಿವೆ. ರಕ್ಷಾಪುಟ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. 1818ರ ಪಠ್ಯದಲ್ಲಿ ಪ್ರತಿ ಸಂಪುಟಕ್ಕೂ ಅಧ್ಯಾಯ ಮತ್ತೆ ಒಂದರಿಂದ ಶುರುವಾಗುತ್ತದೆ. 1831ರದ್ದರಲ್ಲಿ ಸಾಲಾಗಿ 24 ಅಧ್ಯಾಯಗಳಿವೆ. 'ಐದನೇ ಅಧ್ಯಾಯದವರೆಗೆ ಓದಿ ಬನ್ನಿ' ಅಂದರೆ ಇಬ್ಬರು ಬೇರೆ ಬೇರೆ ಕಡೆ ನಿಂತಿರುತ್ತಾರೆ.

ಕಥೆಯೂ ಬದಲಾಗಿದೆ. ಮೊದಲನೆಯದರಲ್ಲಿ ಎಲಿಜಬೆತ್ ನಾಯಕ ವಿಕ್ಟರನ ಸೋದರತ್ತೆಯ ಮಗಳು. ಎರಡನೆಯದರಲ್ಲಿ ಅವಳು ಆ ಮನೆಯವರು ಸಾಕಿಕೊಂಡ ಅನಾಥ ಹುಡುಗಿ. ಮೊದಲನೆಯದರಲ್ಲಿ ವಿಕ್ಟರ್ ತನ್ನ ದಾರಿಯನ್ನು ತಾನೇ ಆರಿಸಿಕೊಂಡಂತೆ ಕಾಣುತ್ತದೆ. ತಿದ್ದಿದ ಪಠ್ಯದಲ್ಲಿ ವಿಧಿಯ ಮಾತು ಜಾಸ್ತಿ. 'ತಪ್ಪು ಯಾರದ್ದು?' ಅಂತ ವಾದ ಮಾಡುವಾಗ ಇದು ದೊಡ್ಡ ವ್ಯತ್ಯಾಸ, ಅಲ್ವಾ? ಇಬ್ಬರೂ ತಮ್ಮ ತಮ್ಮ ಪುಸ್ತಕದ ಪ್ರಕಾರ ಸರಿಯೇ ಇರುತ್ತಾರೆ.

ಬೇಕೆಂದೇ ಎರಡು ಪಠ್ಯಗಳನ್ನು ಹಂಚಿಕೊಂಡು ಓದುವುದೂ ಒಂದು ದಾರಿ. ಆದರೆ ಗೊತ್ತಿದ್ದು ಮಾಡಿ.

ಅನುವಾದ ಓದಿದ್ರೆ ನಡೆಯುತ್ತಾ?

ನಡೆಯುತ್ತದೆ. ಪೋಲಿಷ್, ಫ್ರೆಂಚ್, ರಷ್ಯನ್ ಕಾದಂಬರಿಗಳನ್ನು ನಮ್ಮಲ್ಲಿ ಬಹುತೇಕರು ಹೇಗೂ ಅನುವಾದದಲ್ಲೇ ಓದಬೇಕು. ಯಾರ ಅನುವಾದ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ. ಸ್ಟಾನಿಸ್ಲಾವ್ ಲೆಮ್ ಅವರ 'ಸೊಲಾರಿಸ್' 1961ರಲ್ಲಿ ಪೋಲಿಷ್ ಭಾಷೆಯಲ್ಲಿ ಬಂತು. 1970ರಲ್ಲಿ ಬಂದ ಇಂಗ್ಲಿಷ್ ಪುಸ್ತಕ ಪೋಲಿಷ್‌ನಿಂದ ಆದದ್ದಲ್ಲ, ಫ್ರೆಂಚ್ ಅನುವಾದದಿಂದ ಆದದ್ದು. ಪೋಲಿಷ್‌ನಿಂದ ನೇರವಾಗಿ ಇಂಗ್ಲಿಷ್‌ಗೆ ಬಂದದ್ದು 2011ರಲ್ಲಿ. ಹಳೆಯದರಲ್ಲಿ ಪಾತ್ರಗಳ ಹೆಸರೂ ಬೇರೆ: ಒಬ್ಬರು ರೇಯಾ ಅನ್ನುತ್ತಾರೆ, ಇನ್ನೊಬ್ಬರು ಹ್ಯಾರಿ ಅನ್ನುತ್ತಾರೆ, ಇಬ್ಬರೂ ಮಾತಾಡುತ್ತಿರುವುದು ಒಂದೇ ಹೆಂಗಸಿನ ಬಗ್ಗೆ.

ಹಳೆಯ ಅನುವಾದಗಳಲ್ಲಿ ಕತ್ತರಿ ಪ್ರಯೋಗವೂ ಇರುತ್ತದೆ. ಜೂಲ್ಸ್ ವರ್ನ್ ಅವರ ಸಮುದ್ರಯಾನದ ಪ್ರಸಿದ್ಧ ಕಾದಂಬರಿಗೆ 1870ರ ದಶಕದಲ್ಲಿ ಬಂದ ಮೊದಲ ಇಂಗ್ಲಿಷ್ ಅನುವಾದ ಮೂಲದ ಎಷ್ಟೋ ಪುಟಗಳನ್ನು ನುಂಗಿಹಾಕಿತ್ತು. ಉಚಿತವಾಗಿ ಸಿಗುವ ಇ-ಬುಕ್‌ಗಳಲ್ಲಿ ಈಗಲೂ ಅದೇ ಓಡಾಡುತ್ತಿರುತ್ತದೆ.

## ಓದುತ್ತಾ ಇರುವಾಗ

ವಾರಕ್ಕೆ ಎಷ್ಟು ಪುಟ ಅಂತ ಇಟ್ಟುಕೊಳ್ಳೋದು?

ಪುಟದ ಲೆಕ್ಕ ಬಿಡಿ. ಎಲ್ಲಿ ನಿಂತರೆ ಕುತೂಹಲ ಉಳಿಯುತ್ತದೆ ಅನ್ನುವುದನ್ನು ನೋಡಿ. ಇದಕ್ಕೆ ಮೊದಲೇ ಓದಿದವರೊಬ್ಬರು ಗುಂಪಿನಲ್ಲಿದ್ದರೆ ಅನುಕೂಲ.

1831ರ 'ಫ್ರಾಂಕನ್‌ಸ್ಟೈನ್'ಗೆ ನಾನು ಹೇಳುವ ಹಂಚಿಕೆ ಇದು. ಮೊದಲ ವಾರ, ಶುರುವಿನ ನಾಲ್ಕು ಪತ್ರಗಳು ಮತ್ತು ನಾಲ್ಕನೆಯ ಅಧ್ಯಾಯದವರೆಗೆ. ಐದನೆಯ ಅಧ್ಯಾಯದ ಮೊದಲ ಸಾಲನ್ನೂ ಓದಕೂಡದು! ಎರಡನೆಯ ವಾರ ಹತ್ತರವರೆಗೆ. ಅಲ್ಲಿ ಇಬ್ಬರು ಹಿಮದ ಮೇಲೆ ಎದುರುಬದುರಾಗುತ್ತಾರೆ, ಒಬ್ಬನು ಇನ್ನೊಬ್ಬನ ಕಥೆ ಕೇಳಲು ಒಪ್ಪುತ್ತಾನೆ. ಮೂರನೆಯ ವಾರ 11ರಿಂದ 16, ಅಂದರೆ ಆ ಕಥೆ ಪೂರ್ತಿ. 16ರ ಕೊನೆಗೆ ಒಂದು ಬೇಡಿಕೆ ಬರುತ್ತದೆ. ಒಪ್ಪಬೇಕೋ ಬೇಡವೋ ಅಂತ ಗುಂಪಿನಲ್ಲಿ ಕೈ ಎತ್ತಿಸಿ, ಎಣಿಸಿಟ್ಟುಕೊಳ್ಳಿ. ನಾಲ್ಕನೆಯ ವಾರ 20ರವರೆಗೆ ಓದಿದ ಮೇಲೆ ಮತ್ತೆ ಕೈ ಎತ್ತಿಸಿ. ಲೆಕ್ಕ ಬದಲಾದರೆ ಯಾಕೆ ಬದಲಾಯಿತು ಅನ್ನುವುದೇ ಆ ದಿನದ ಚರ್ಚೆ. ಉಳಿದದ್ದು ಐದನೆಯ ವಾರಕ್ಕೆ.

ಹಳೆಯ ಎಷ್ಟೋ ಕಾದಂಬರಿಗಳು ಮೊದಲು ಪತ್ರಿಕೆಗಳಲ್ಲಿ ಕಂತುಗಳಾಗಿ ಬಂದವು. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಥೆಯಾದ ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' 1897ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳು ಬಂತು. ಅಂಥ ಪುಸ್ತಕದಲ್ಲಿ ನಿಲ್ಲುವ ಜಾಗ ಹುಡುಕುವ ಕಷ್ಟವೇ ಇಲ್ಲ. ಆಗಿನ ಓದುಗರೂ ಕಾಯುತ್ತಲೇ ಓದಿದ್ದಾರೆ.

ಶುರು ತುಂಬಾ ನಿಧಾನ. ಬೇಜಾರಾಗ್ತಿದೆ. ನನಗೆ ಮಾತ್ರ ಹೀಗಾ?

ಅಲ್ಲ. 19ನೇ ಶತಮಾನದ ಕಾದಂಬರಿಗಳು ನೇರವಾಗಿ ಕಥೆಗೆ ಇಳಿಯುವುದಿಲ್ಲ. ಯಾರೋ ಒಬ್ಬ ಹಡಗಿನಿಂದ ತನ್ನ ಅಕ್ಕನಿಗೆ ಪತ್ರ ಬರೆಯುತ್ತಾನೆ, ಅದರೊಳಗೆ ಇನ್ನೊಬ್ಬ ತನ್ನ ಕಥೆ ಹೇಳುತ್ತಾನೆ, ಅದರೊಳಗೆ ಮತ್ತೊಬ್ಬನದು. ಇಂಥ ಕಟ್ಟಡದಲ್ಲಿ ಬಾಗಿಲು ದಾಟಲು ಸಮಯ ಹಿಡಿಯುತ್ತದೆ. ಮೊದಲ ವಾರದ ಭಾಗವನ್ನು ಎಲ್ಲರೂ ಒಟ್ಟಿಗೆ ಕೂತು ಗಟ್ಟಿಯಾಗಿ ಓದಿ. ಬೇಜಾರನ್ನು ಹಂಚಿಕೊಂಡರೆ ನಗು ಬರುತ್ತದೆ, ದಾಟುವುದು ಸುಲಭ.

20ನೇ ಶತಮಾನದ ಪುಸ್ತಕಗಳಲ್ಲಿ ತೊಂದರೆ ಬೇರೆ: ವಿವರಣೆ ಕೊಡದೆ ಹೊಸ ಲೋಕಕ್ಕೆ ನೂಕಿಬಿಡುತ್ತಾರೆ. 'ಡ್ಯೂನ್'ನ ಕೊನೆಯಲ್ಲಿ ಪದಕೋಶವೇ ಇದೆ. ಮಾತುಮಾತಿಗೂ ಅದನ್ನು ತಿರುಗಿಸಬೇಡಿ. ಅರ್ಥವಾಗದ್ದನ್ನು ಗುರುತು ಹಾಕಿ ಮುಂದೆ ಹೋಗಿ, ಹತ್ತಿಪ್ಪತ್ತು ಪುಟದಲ್ಲಿ ಅರ್ಧ ತಾನಾಗಿ ತಿಳಿಯುತ್ತದೆ.

ಹಿಂದೆ ಬಿದ್ದಿದ್ದೀನಿ. ಈ ವಾರ ಬರಬೇಕಾ, ಬೇಡವಾ?

ಬನ್ನಿ. ಓದದೆ ಉಳಿದ ಭಾಗದಲ್ಲಿ ಏನಾಯಿತು ಅಂತ ಯಾರಾದರೂ ಐದು ನಿಮಿಷದಲ್ಲಿ ಹೇಳುತ್ತಾರೆ. ಹಾಗೆ ಹೇಳುವವರಿಗೂ ಅದು ಒಳ್ಳೆಯ ಪರೀಕ್ಷೆ. ಎರಡು ವಾರ ಸತತ ತಪ್ಪಿಸಿಕೊಂಡವರು ಮೂರನೆಯ ವಾರ ನಾಚಿಕೆಯಿಂದ ಬರುವುದೇ ಇಲ್ಲ. ಹಾಗಾಗಿ ಮೊದಲ ಸಲವೇ ಬಂದುಬಿಡಿ. ಅರ್ಧಕ್ಕಿಂತ ಹೆಚ್ಚು ಜನ ಹಿಂದೆ ಬಿದ್ದಿದ್ದರೆ ತಪ್ಪು ಹಂಚಿಕೆಯದ್ದು. ಒಂದು ವಾರ ಮುಂದೂಡಿ.

ನಾನು ಮುಂದೆ ಓದಿಬಿಟ್ಟೆ. ಬಾಯಿ ಬಿಡದೆ ಇರೋಕಾಗ್ತಿಲ್ಲ!

ಇರಬೇಕು. ಅನ್ನಿಸಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ, ಆ ವಾರ ಬಂದಾಗ ತೆಗೆಯಿರಿ. ಕಥೆಯನ್ನು ಹೇಳದೆಯೂ ಬಿಟ್ಟುಕೊಡಬಹುದು ಅನ್ನುವುದು ನೆನಪಿರಲಿ. ಯಾರೋ ಊಹೆ ಹೇಳಿದಾಗ ನೀವು ಮುಸಿನಕ್ಕರೂ ಸಾಕು, ಮುಗೀತು. 'ಇನ್ನೂ ಮುಂದೆ ನೋಡಿ' ಅನ್ನುವ ಮಾತು ಇನ್ನೂ ಕೆಟ್ಟದ್ದು.

ಪುಸ್ತಕದ ಮುನ್ನುಡಿ ಮೊದಲೇ ಓದಬೇಕಾ?

ಲೇಖಕರದ್ದಾದರೆ ಓದಿ. ಬೇರೆಯವರು ಬರೆದದ್ದಾದರೆ ಕೊನೆಗೆ ಇಟ್ಟುಕೊಳ್ಳಿ. ಹಳೆಯ ಪುಸ್ತಕಗಳಿಗೆ ಮುನ್ನುಡಿ ಬರೆಯುವ ವಿದ್ವಾಂಸರು, ಕಥೆ ಎಲ್ಲರಿಗೂ ಗೊತ್ತಿದೆ ಅಂದುಕೊಂಡು ಕೊನೆಯನ್ನು ಎರಡನೆಯ ಪುಟದಲ್ಲೇ ಹೇಳಿಬಿಡುತ್ತಾರೆ. ಹಿಂಬದಿಯ ರಕ್ಷಾಪುಟದ ಮೇಲೂ ನಂಬಿಕೆ ಬೇಡ.

ಆಡಿಯೊಬುಕ್ ಕೇಳಿದ್ರೆ ಓದಿದ ಲೆಕ್ಕಾನಾ?

ಹೌದು. ಚರ್ಚೆಯಲ್ಲಿ ಸಾಲು ತೋರಿಸಬೇಕಾದಾಗ ಮಾತ್ರ ಪಕ್ಕದವರ ಪುಸ್ತಕ ಬೇಕಾಗುತ್ತದೆ. ಸಂಕ್ಷಿಪ್ತ ರೂಪವಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಿ.

ಸಿನಿಮಾ ನೋಡಿದ್ದೀನಿ, ಕಥೆ ಗೊತ್ತು. ಮತ್ತೆ ಓದಿ ಏನು ಸಿಗುತ್ತೆ?

ನಿಮಗೆ ಗೊತ್ತಿರುವುದು ಸಿನಿಮಾದ ಕಥೆ. 1931ರ 'ಫ್ರಾಂಕನ್‌ಸ್ಟೈನ್' ಚಿತ್ರದಲ್ಲಿ ಮಿಂಚಿನ ಆರ್ಭಟ, ಗೂನು ಬೆನ್ನಿನ ಸಹಾಯಕ, ಮಾತು ಬಾರದ ಜೀವಿ ಎಲ್ಲ ಇವೆ. ಕಾದಂಬರಿಯಲ್ಲಿ ಸಹಾಯಕನೇ ಇಲ್ಲ. ಜೀವಿಯಂತೂ ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತದೆ. ಮಿಲ್ಟನ್, ಪ್ಲುಟಾರ್ಕ್, ಗಯಟೆ ಅವರನ್ನು ಓದಿಕೊಂಡಿರುತ್ತದೆ! ಜನ ಫ್ರಾಂಕನ್‌ಸ್ಟೈನ್ ಅಂತ ಕರೆಯುವುದು ಆ ಜೀವಿಯನ್ನು. ನಿಜಕ್ಕೂ ಅದು ಸೃಷ್ಟಿಸಿದವನ ಹೆಸರು. ಜೀವಿಗೆ ಹೆಸರೇ ಇಲ್ಲ, ಹೆಸರಿಡದೆ ಓಡಿಹೋದವನ ಕಥೆಯೇ ಆ ಕಾದಂಬರಿ.

ಸಿನಿಮಾ ನೋಡಿದವರು ಗುಂಪಿಗೆ ಉಪಯೋಗಕ್ಕೂ ಬರುತ್ತಾರೆ. ಚಿತ್ರದಲ್ಲಿ ಏನನ್ನು ಬಿಟ್ಟಿದ್ದಾರೆ ಅಂತ ಪಟ್ಟಿ ಮಾಡುತ್ತಾ ಹೋಗಿ. ಬಿಟ್ಟುಹೋದ ಭಾಗಗಳಲ್ಲೇ ಪುಸ್ತಕದ ಜೀವ ಇರುವುದು ಅಪರೂಪವಲ್ಲ.

## ಚರ್ಚೆಗೆ ಕೂತಾಗ

'ಇಷ್ಟ ಆಯ್ತು', 'ಇಷ್ಟ ಆಗ್ಲಿಲ್ಲ' ಅಷ್ಟಕ್ಕೇ ಮಾತು ನಿಂತುಹೋಗುತ್ತೆ. ಏನು ಮಾಡೋದು?

ಪ್ರಶ್ನೆ ಬದಲಿಸಿ. 'ಹೇಗಿತ್ತು?' ಅಂತ ಕೇಳಿದರೆ ಅಂಕ ಕೊಡುತ್ತಾರೆ. 'ಯಾವ ಪುಟದಲ್ಲಿ ಇವನ ಮೇಲೆ ನಂಬಿಕೆ ಹೋಯಿತು?' ಅಂತ ಕೇಳಿದರೆ ಪುಸ್ತಕ ತೆರೆಯುತ್ತಾರೆ. ಒಬ್ಬರು ಒಂದೊಂದು ಸಾಲು ಗುರುತು ಹಾಕಿಕೊಂಡು ಬರಲಿ. ಅದನ್ನು ಓದಿ ಹೇಳುವುದಕ್ಕೆ ಮುಂಚೆ ಅಭಿಪ್ರಾಯ ಹೇಳುವಂತಿಲ್ಲ.

'ದಿ ಟೈಮ್ ಮೆಷಿನ್' ಇದಕ್ಕೆ ಒಳ್ಳೆಯ ಪುಸ್ತಕ. ಕಾಲಪ್ರವಾಸಿ ತಾನು ಕಂಡ ಭವಿಷ್ಯದ ಬಗ್ಗೆ ಒಂದು ವಿವರಣೆ ಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಅದು ಸುಳ್ಳು ಅಂತ ಗೊತ್ತಾಗಿ ಇನ್ನೊಂದು ಕಟ್ಟುತ್ತಾನೆ. ಅವನ ಒಂದೊಂದು ವಿವರಣೆ ಮುಗಿದಾಗಲೂ ನಿಂತು, ನಿಮಗೆ ಗೊತ್ತಿರುವಷ್ಟರಿಂದ ನೀವೇನು ಹೇಳುತ್ತಿದ್ದಿರಿ ಅಂತ ಕೇಳಿಕೊಳ್ಳಿ.

ಯಾವಾಗಲೂ ಇಬ್ಬರೇ ಮಾತಾಡ್ತಾರೆ. ಉಳಿದವರು ಸುಮ್ನೆ ಇರ್ತಾರೆ.

ಮೊದಲ ಸುತ್ತು ಸರದಿಯಲ್ಲಿ ಹೋಗಲಿ, ಒಬ್ಬರಿಗೆ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕಬಾರದು. ಜಾಸ್ತಿ ಮಾತಾಡುವವರ ಸರದಿ ಕೊನೆಗೆ ಬರಲಿ. ಅವರಿಗೆ ಟಿಪ್ಪಣಿ ಬರೆಯುವ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು.

ಪುಸ್ತಕದ ವಿಜ್ಞಾನವೇ ತಪ್ಪಾಗಿದೆ. ಇದನ್ನು ಯಾಕೆ ಓದಬೇಕು?

ತಪ್ಪು ಅಂತ ಹೇಳಿ ಮುಗಿಸಬೇಡಿ. ಆಗ ಅದು ಯಾಕೆ ಸರಿ ಅನ್ನಿಸಿತ್ತು ಅಂತ ಹುಡುಕಿ. ಗುಂಪಿನಲ್ಲಿ ಒಬ್ಬರು ಇದೊಂದನ್ನೇ ವಹಿಸಿಕೊಂಡರೂ ಸಾಕು, ಓದು ಎರಡು ಪಟ್ಟು ರುಚಿಯಾಗುತ್ತದೆ.

'ದಿ ಟೈಮ್ ಮೆಷಿನ್'ನಲ್ಲಿ ಕಾಲಪ್ರವಾಸಿ ಮೂರು ಕೋಟಿ ವರ್ಷ ಮುಂದೆ ಹೋಗಿ, ಆಕಾಶದ ಸುಮಾರು ಹತ್ತನೇ ಒಂದು ಭಾಗವನ್ನು ಮುಚ್ಚಿದ ಕೆಂಪು ಸೂರ್ಯನನ್ನೂ ಚಳಿಗೆ ಸಾಯುತ್ತಿರುವ ಭೂಮಿಯನ್ನೂ ಕಾಣುತ್ತಾನೆ. ಇವತ್ತಿನ ಲೆಕ್ಕದಲ್ಲಿ ಇದು ನಗು ತರಿಸುತ್ತದೆ. ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ, ಇನ್ನೂ ಹೆಚ್ಚುಕಡಿಮೆ ಅಷ್ಟೇ ಕಾಲ ಉರಿಯಲಿದೆ. ಆದರೆ ಆಗ ಸೂರ್ಯ ಯಾಕೆ ಉರಿಯುತ್ತಾನೆ ಅಂತಲೇ ಯಾರಿಗೂ ತಿಳಿದಿರಲಿಲ್ಲ. ತನ್ನದೇ ಭಾರಕ್ಕೆ ಕುಗ್ಗುತ್ತಾ ಶಾಖ ಬಿಡುತ್ತಾನೆ ಎಂಬ ಲೆಕ್ಕ ಚಾಲ್ತಿಯಲ್ಲಿತ್ತು. ಆ ಲೆಕ್ಕದಲ್ಲಿ ಕೋಟಿಗಳಾಚೆ ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. 1862ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್ ಇದನ್ನು ಬರೆದಾಗ, ನಮಗೆ ಗೊತ್ತಿಲ್ಲದ ಬೇರೆ ಮೂಲ ಇಲ್ಲದಿದ್ದರೆ ಎಂಬ ಷರತ್ತನ್ನೂ ಸೇರಿಸಿದ್ದರು. ಆ ಮೂಲ ಇತ್ತು. ಕಾದಂಬರಿ ಬಂದ ಮರುವರ್ಷ, 1896ರಲ್ಲಿ ಫ್ರೆಂಚ್ ವಿಜ್ಞಾನಿ ಬೆಕೆರೆಲ್ ವಿಕಿರಣಶೀಲತೆಯನ್ನು, ಅಂದರೆ ಪರಮಾಣುವಿನೊಳಗಿಂದ ಶಕ್ತಿ ಹೊಮ್ಮುವುದನ್ನು, ಕಂಡರು. ಹೈಡ್ರೋಜನ್ ಹೀಲಿಯಂ ಆಗುವುದರಿಂದ ಸೂರ್ಯ ಉರಿಯುತ್ತಿರಬಹುದು ಎಂದು ಬ್ರಿಟಿಷ್ ಖಗೋಳವಿಜ್ಞಾನಿ ಎಡಿಂಗ್ಟನ್ ಸೂಚಿಸಿದ್ದು 1920ರಲ್ಲಿ. ವೆಲ್ಸ್ ತಮ್ಮ ಕಾಲದ ವಿಜ್ಞಾನವನ್ನು ಸರಿಯಾಗಿಯೇ ಓದಿಕೊಂಡಿದ್ದರು. ಸಾಯುವ ಸೂರ್ಯನ ಭಯ ಆಗ ನಿಜವಾದ ಭಯ.

ಮಂಗಳನದ್ದೂ ಹೀಗೇ. ಮಂಗಳ ಭೂಮಿಗಿಂತ ಮೊದಲು ತಣ್ಣಗಾದ ಮುದಿ ಗ್ರಹ, ಅಲ್ಲಿನವರು ನಮಗಿಂತ ಮುಂದುವರಿದವರು ಎಂಬ ಊಹೆ ಆಗ ಓಡಾಡುತ್ತಿತ್ತು. ಖಗೋಳವೀಕ್ಷಕ ಪರ್ಸಿವಲ್ ಲೊವೆಲ್ 1895ರಲ್ಲಿ ಮಂಗಳದ ಕಾಲುವೆಗಳ ಬಗ್ಗೆ ಪುಸ್ತಕವನ್ನೇ ಬರೆದರು. 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಕಳಿಸಿದ ಚಿತ್ರಗಳಲ್ಲಿ ಕಂಡದ್ದು ಕುಳಿಗಳು. ಆ ಎರಡು ಇಸವಿಗಳ ನಡುವೆ ಬಂದ ಮಂಗಳದ ಕಥೆಗಳನ್ನೆಲ್ಲ ಈ ಕಣ್ಣಿನಿಂದ ನೋಡಬಹುದು.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ಹಳೇ ಪುಸ್ತಕಗಳಲ್ಲಿ ಹೆಂಗಸರು, ಬೇರೆ ಜನಾಂಗದವರ ಬಗ್ಗೆ ಬರೆದಿರೋದು ಓದೋಕೆ ಕಷ್ಟ. ಅದನ್ನು ಹೇಗೆ ನಿಭಾಯಿಸೋದು?

ಮುಚ್ಚಿಡದೆ. 'ಆ ಕಾಲ ಹಾಗಿತ್ತು' ಅಂತ ಒಬ್ಬರು, 'ಈ ಪುಸ್ತಕವೇ ಬೇಡ' ಅಂತ ಇನ್ನೊಬ್ಬರು. ಈ ಎರಡು ಮಾತೂ ಚರ್ಚೆಯನ್ನು ಅಲ್ಲಿಗೇ ಮುಗಿಸುತ್ತವೆ. ಆ ಪುಟವನ್ನೇ ತೆರೆದು ನಿಧಾನವಾಗಿ ಓದಿ.

'ದಿ ವಾರ್ ಆಫ್ ದಿ ವರ್ಲ್ಡ್ಸ್'ನ ಮೊದಲ ಅಧ್ಯಾಯದಲ್ಲಿ ವೆಲ್ಸ್ ಓದುಗರನ್ನು ತಡೆದು ನಿಲ್ಲಿಸುತ್ತಾರೆ. ಮಂಗಳದವರನ್ನು ಕ್ರೂರಿಗಳು ಅನ್ನುವ ಮೊದಲು ನಾವೇನು ಮಾಡಿದ್ದೇವೆ ನೋಡಿಕೊಳ್ಳಿ ಅನ್ನುತ್ತಾರೆ. ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿನಿಂದ ಹೋದವರು ಐವತ್ತು ವರ್ಷಗಳಲ್ಲಿ ನಿರ್ನಾಮ ಮಾಡಿದರು ಎಂದು ನೆನಪಿಸುತ್ತಾರೆ. ಸಾಮ್ರಾಜ್ಯ ಮೆರೆಯುತ್ತಿದ್ದ ಬ್ರಿಟನ್ನಿನಲ್ಲಿ ಕೂತು ಹೀಗೆ ಬರೆಯುವುದು ಸಣ್ಣ ವಿಷಯವಲ್ಲ. ಆದರೆ ಅದೇ ಜಾಗದಲ್ಲಿ ಅವರು ಆ ಜನರನ್ನು ಕೀಳು ಜನಾಂಗ ಅನ್ನುವ ಧಾಟಿಯಲ್ಲೇ ಮಾತಾಡುತ್ತಾರೆ. ಅವರು ಪೂರ್ತಿ ಅಳಿದರು ಅನ್ನುವುದೂ ನಿಜವಲ್ಲ, ಅವರ ವಂಶದವರು ಇವತ್ತಿಗೂ ಇದ್ದಾರೆ. ಒಂದೇ ಪ್ಯಾರಾದಲ್ಲಿ ಕಣ್ಣು ತೆರೆಸುವ ಮಾತೂ ಇದೆ, ಕುರುಡೂ ಇದೆ. ಇದರ ಬಗ್ಗೆ ಒಂದು ಸಂಜೆ ಪೂರ್ತಿ ಮಾತಾಡಬಹುದು.

ಗುಂಪಿನಲ್ಲಿ ಯಾರಿಗಾದರೂ ಒಂದು ಭಾಗ ನಿಜಕ್ಕೂ ನೋವು ಕೊಟ್ಟರೆ ಅದನ್ನು ಬಿಟ್ಟು ಓದಲು ಅವಕಾಶ ಇರಲಿ. ಕಾರಣ ಕೇಳಬೇಡಿ.

ಲೇಖಕರ ಬದುಕು, ಕಾಲ ಎಲ್ಲ ಎಷ್ಟು ತಿಳಿದುಕೊಂಡಿರಬೇಕು?

ಮೊದಲ ಓದಿಗೆ ಏನೂ ಬೇಡ. ಮುಗಿದ ಮೇಲೆ ತಿಳಿದರೆ ಚೆನ್ನ. 1815ರಲ್ಲಿ ಈಗಿನ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರಿಂದ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೆ ಕೂತ ಸ್ನೇಹಿತರು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿದರು. 'ಫ್ರಾಂಕನ್‌ಸ್ಟೈನ್' ಹುಟ್ಟಿದ್ದು ಹಾಗೆ. ಅದು ಗೊತ್ತಾದ ಮೇಲೆ ಕಾದಂಬರಿಯ ಮಳೆ, ಹಿಮ, ಗುಡುಗನ್ನೆಲ್ಲ ಮತ್ತೊಮ್ಮೆ ತಿರುವಿ ನೋಡಬೇಕು ಅನ್ನಿಸುತ್ತದೆ.

ಬಿಡಿ ಕಥೆಗಳನ್ನು ಸೇರಿಸಿ ಮಾಡಿದ ಕಾದಂಬರಿಗಳನ್ನು ಯಾವ ಕ್ರಮದಲ್ಲಿ ಓದೋದು?

ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' (1951) ಬಗ್ಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಅದರ ಐದು ಭಾಗಗಳಲ್ಲಿ ನಾಲ್ಕು 1942ರಿಂದ 1944ರವರೆಗೆ ಪತ್ರಿಕೆಯಲ್ಲಿ ಬಿಡಿಯಾಗಿ ಬಂದವು. ಮೊದಲ ಭಾಗವನ್ನು ಅಸಿಮೋವ್ ಪುಸ್ತಕಕ್ಕಾಗಿ ಆಮೇಲೆ ಬರೆದರು. ಮೊದಲ ಸಲ ಪುಸ್ತಕದ ಕ್ರಮದಲ್ಲೇ ಓದಿ. ಎರಡನೆಯ ಸಲ ಓದುವ ಗುಂಪು ಮೊದಲ ಭಾಗವನ್ನು ಕೊನೆಗೆ ಇಟ್ಟು ನೋಡಲಿ. ಪತ್ರಿಕೆಯ ಓದುಗರಿಗೆ ಎಷ್ಟು ಕಡಿಮೆ ತಿಳಿದಿತ್ತು, ಆದರೂ ಅವರು ಹೇಗೆ ಹಿಂಬಾಲಿಸಿದರು ಅನ್ನುವುದು ಕಾಣುತ್ತದೆ.

ಒಂದು ಎಚ್ಚರಿಕೆ. ಭಾಗ ಬದಲಾದಾಗ ದಶಕಗಳೇ ಉರುಳಿರುತ್ತವೆ, ಇಷ್ಟಪಟ್ಟ ಪಾತ್ರ ಕೈಬಿಟ್ಟುಹೋಗುತ್ತದೆ. ಇದನ್ನು ಸಹಿಸದವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರ ತಕರಾರಿನಲ್ಲಿ ಹುರುಳಿದೆ ಅಂತಲೇ ನನ್ನ ಅನಿಸಿಕೆ.

ಯಾರಿಗೂ ಇಷ್ಟವಾಗದಿದ್ರೆ ಅರ್ಧಕ್ಕೇ ಬಿಟ್ಟುಬಿಡಬಹುದಾ?

ಬಿಡಬಹುದು. ಆದರೆ ಸುಮ್ಮನೆ ಚದುರಬೇಡಿ. ಕೊನೆಯ ಸಲ ಕೂತು, ಎಲ್ಲಿ ಕೈಕೊಟ್ಟಿತು ಅಂತ ಒಬ್ಬೊಬ್ಬರೂ ಪುಟ ತೋರಿಸಿ ಹೇಳಿ. ಎಲ್ಲರೂ ಒಂದೇ ಪುಟ ತೋರಿಸಿದರೆ ತೊಂದರೆ ಪುಸ್ತಕದ್ದು. ಬೇರೆ ಬೇರೆ ಪುಟ ತೋರಿಸಿದರೆ ಇನ್ನೊಂದು ವಾರ ಓದಿ ನೋಡಿ. ಮುಂದಿನ ಪುಸ್ತಕದ ಹೆಸರು ಮತ್ತು ದಿನಾಂಕವನ್ನು ಮಾತ್ರ ಏಳುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.